ಹಕ್ಕಿ ಹಾಕಿದ ಮೆಣಸು

ನನಗೊಂದು ಕೆಟ್ಟ ಚಾಳಿಯಿದೆ. ತರಕಾರಿ ಅಂಗಡಿಯಲ್ಲಿ ಹಸಿಮೆಣಸು ಕೊಳ್ಳುವಾಗ ಒಂದನ್ನು ಎತ್ತಿ, ತೊಟ್ಟಿನ ಬುಡದಲ್ಲಿ ಉಗುರಿನಿಂದ ಗೀರಿ, ಆ ಉಗುರನ್ನು ನಾಲಿಗೆಗೆ ತಾಗಿಸಿ ನೋಡದೆ ನಾನು ಚೀಲದ ಬಾಯಿ ಬಿಡಿಸುವುದಿಲ್ಲ. ಅಂಗಡಿಯವರಿಗೆ ಇದು ಸರಿಬರುವುದಿಲ್ಲ. "ನೋಡುವುದಾದರೆ ತುದಿ ಮುರಿದು ನೋಡಿ ಅಮ್ಮಾ, ಬುಡ ಯಾಕೆ ಹಾಳು ಮಾಡ್ತೀರಿ?" ಎಂದು ಮೊನ್ನೆ ಒಬ್ಬ ಕೇಳಿದ. "ತುದಿ ಸುಳ್ಳು ಹೇಳ್ತದೆ ಮಾರಾಯ" ಎಂದೆ. ಅವನು ನನ್ನನ್ನೂ ನನ್ನ ನರೆತ ತಲೆಯನ್ನೂ ಒಮ್ಮೆ ನೋಡಿ ತಕ್ಕಡಿ ಎತ್ತಿಕೊಂಡ.

ತುದಿ ಸುಳ್ಳು ಹೇಳುತ್ತದೆ ಎನ್ನಲು ನನಗೆ ಅಧಿಕಾರವಿದೆ. ಸುಳ್ಳಿನ ವಿಷಯದಲ್ಲಿ ನಾನೂ ಸಣ್ಣವಳಲ್ಲ. ಈ ಚಾಳಿ ನನಗೆ ಅಂಟಿಕೊಂಡದ್ದೇ ನನ್ನ ಅತ್ತೆಗೆ ನಾನು ಹೇಳಿದ ಮೂರು ಶಬ್ದಗಳ ಒಂದು ಸುಳ್ಳಿನಿಂದ. ಅದನ್ನು ಸರಿಪಡಿಸಲು ಮೂರು ವರ್ಷ ಮೆಣಸಿನ ಗಿಡಗಳ ಮುಂದೆ ಮಂಡಿಯೂರಿ ಕೂತಿದ್ದೆ. ಕೂರಬೇಕಾಗಿದ್ದದ್ದು ಬೇರೆ ಕಡೆ ಎಂದು ತಿಳಿದದ್ದು ಆಮೇಲೆ.

ನಯಾಪೈಸೆ ಬಂದ ವರ್ಷ ನನ್ನ ಮದುವೆಯಾಯಿತು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಂದೆ. ಈಗ ಅದೊಂದು ದೂರವೇ ಅಲ್ಲ. ಆಗ ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸು ದಿನಕ್ಕೆ ಎಷ್ಟಿದ್ದವೋ ನೆನಪಿಲ್ಲ, ನನಗೆ ತವರಿಗೆ ಹೋಗಬೇಕು ಅನಿಸಿದಾಗ ಮಾತ್ರ ಒಂದೂ ಇರುತ್ತಿರಲಿಲ್ಲ. ನಮ್ಮವರು ಬಂಟ್ವಾಳ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಇದ್ದದ್ದು ಅವರು, ಅವರ ತಾಯಿ, ನಾನು, ಮೂರೇ ಜನ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ, ಹಾಗೆಯೇ ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅತ್ತೆಯ ಬೈಗುಳಗಳ ಖಾರ ಅರ್ಧಕ್ಕೆ ಇಳಿದಿದೆ, ಅಷ್ಟನ್ನು ನೀವೇ ಸೇರಿಸಿಕೊಳ್ಳಬೇಕು.

ಅತ್ತೆಯ ತವರು ಬೆಳ್ತಂಗಡಿಯಿಂದಾಚೆ, ಚಾರ್ಮಾಡಿಯ ಬುಡದ ಕಕ್ಕಿಂಜೆ. ಮದುವೆಯಾಗಿ ಬರುವಾಗ ಅವರು ಅಲ್ಲಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ಮೆಣಸಿನ ಬೀಜ. ಗೇಣುದ್ದದ, ಮೈಯೆಲ್ಲ ಸುಕ್ಕು ಬಿದ್ದ, ಒಣಗಿದರೆ ದಾಸವಾಳಕ್ಕಿಂತ ಕಡುಕೆಂಪಾಗುವ ಮೆಣಸು. ಬಣ್ಣ ಇಷ್ಟು, ಪರಿಮಳ ಇಷ್ಟು, ಖಾರ ಮಾತ್ರ ಇದೆಯೋ ಇಲ್ಲವೋ ಎಂಬಷ್ಟು. ಬೇರೆ ಮನೆಗಳಲ್ಲಿ ಮಸಾಲೆಗೆ ಮೆಣಸನ್ನು ಎಣಿಸಿ ಹಾಕುತ್ತಾರೆ. ನಮ್ಮಲ್ಲಿ ಎಣಿಸುವ ಪದ್ಧತಿಯೇ ಇರಲಿಲ್ಲ, ಮುಷ್ಟಿಯಲ್ಲಿ ಅಳೆಯುತ್ತಿದ್ದರು. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದ ಅನಾಹುತವಾಗುವುದಿದೆ.

ಮೆಣಸಿನ ಬೀಜ ಇಡುವುದಕ್ಕೂ ಒಂದು ಕ್ರಮವಿತ್ತು. ಬಾವಿಯಿಂದ ನೀರು ಹರಿಯುವ ಕಣಿ ಮೆಣಸಿನ ಸಾಲಿಗೆ ಸೇರುವ ಜಾಗದಲ್ಲಿ, ಅಂದರೆ ಕಣಿಯ ಬಾಯಿಯಲ್ಲಿ, ಎಲ್ಲಕ್ಕಿಂತ ಬಲವಾದ ಸಸಿಯನ್ನು ನೆಡುವುದು. ಮೊದಲ ನೀರು ಅದಕ್ಕೆ. ಮುಂದಿನ ವರ್ಷದ ಬೀಜವೂ ಅದರ ಹಣ್ಣಿನಿಂದಲೇ. ಹಣ್ಣುಗಳಿಗೆ ಬೂದಿ ಉಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಮೇಲೆ ಹೊಗೆ ತಾಗುವಂತೆ ತೂಗಿಸಿದರೆ ಮಳೆಗಾಲ ದಾಟುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ದೀಪಾವಳಿ ಕಳೆದ ಮೇಲೆ ಅತ್ತೆ ಅದನ್ನು ಬಿಡಿಸಿ ಪಾತಿಯಲ್ಲಿ ಬಿತ್ತುತ್ತಿದ್ದರು. ಅತ್ತೆಯ ಕೈಗುಣ ನಮ್ಮ ಸುತ್ತಿನಲ್ಲೆಲ್ಲ ಹೆಸರಾದದ್ದು. ಅವರು ಬಿತ್ತಿದ ಪಾತಿಯಲ್ಲಿ ಹುಟ್ಟದ ಬೀಜವಿಲ್ಲ ಎನ್ನುತ್ತಿದ್ದರು. ನೆರೆಮನೆಯ ಸೇಸಕ್ಕ ಪ್ರತಿವರ್ಷ ಬೇಲಿಯಾಚೆ ನಿಂತು, "ದೊಡ್ಡಕ್ಕಾ, ಮೊದಲ ಮುಷ್ಟಿ ನಿಮ್ಮ ಕೈಯಿಂದ ಆಗ್ಲಿ" ಎಂದು ಕರೆಯುತ್ತಿದ್ದಳು.

ಆ ಕರೆಗೆ ಇದ್ದ ಬೆಲೆ ನನಗೆ ಮೊದಮೊದಲು ತಿಳಿದಿರಲಿಲ್ಲ. ಒಂದು ದಿನ ಅತ್ತೆಯೇ ಹೇಳಿದರು. ಮಾವ ತೀರಿಕೊಂಡ ವರ್ಷ, ಗಂಡನಿಲ್ಲದವಳ ಕೈಯಲ್ಲಿ ಬಿತ್ತಿಸಬಾರದೆಂದು ಯಾರೋ ಗೊಣಗಿದರಂತೆ. ಅತ್ತೆ ಆ ಮಾತು ಕೇಳಿಸಿಕೊಂಡು ಒಳಗೆ ಕೂತಿದ್ದರಂತೆ. ಸೇಸಕ್ಕ ಬಂದು, "ಕೈ ನಿಮ್ಮದಲ್ವಾ ದೊಡ್ಡಕ್ಕ, ಅವರದ್ದಾ?" ಎಂದು ಎಳೆದುಕೊಂಡು ಹೋಗಿ ಬಿತ್ತಿಸಿದಳಂತೆ. ಆ ವರ್ಷ ಸೇಸಕ್ಕನ ಪಾತಿಯಲ್ಲಿ ಸಸಿ ಹೆಚ್ಚಾಗಿ ಹಂಚಬೇಕಾಯಿತಂತೆ. ಇದನ್ನು ಹೇಳುವಾಗ ಅತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡುತ್ತಿದ್ದರು.

ಇನ್ನು ನನ್ನ ಕಡೆಯ ವಿಷಯ. ಮೂಡುಬಿದಿರೆಯ ನಮ್ಮ ಮನೆಯ ಬಚ್ಚಲಿನ ಹಿಂದೆ ಅಜ್ಜಿಯ ಮೆಣಸಿನ ಗಿಡಗಳಿದ್ದವು. ಕಿರುಬೆರಳಿಗಿಂತ ಗಿಡ್ಡ ಕಾಯಿ, ಕೆಳಗೆ ತೂಗುವುದಿಲ್ಲ, ಆಕಾಶಕ್ಕೆ ಮುಖಮಾಡಿ ನೆಟ್ಟಗೆ ನಿಲ್ಲುತ್ತದೆ. ಶಾಲೆಯಿಂದ ಬಂದ ಕೂಡಲೇ ತಣ್ಣನೆ ಗಂಜಿಗೆ ಉಪ್ಪು ಹಾಕಿ, ಒಂದು ಮೆಣಸನ್ನು ಬಟ್ಟಲಿನ ಅಂಚಿಗೆ ಜಜ್ಜಿ, ಮೇಲೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ಅಜ್ಜಿ ಕೊಡುತ್ತಿದ್ದಳು. ಆ ಮೆಣಸಿನ ಖಾರಕ್ಕೆ ಒಂದು ಗುರುತಿತ್ತು. ಬಾಯಿಗಿಟ್ಟಾಗ ಏನೂ ಇಲ್ಲ. ನುಂಗಿ, ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಗಂಟಲ ಹಿಂದಿನಿಂದ ಎದ್ದು ಎರಡೂ ಕಿವಿಯ ಹಿಂದೆ ಬೆವರೊಡೆಯುತ್ತದೆ. ಕಿವಿಯ ಹಿಂದೆ ಬೆವರುವ ಬೇರೆ ಮೆಣಸನ್ನು ನಾನು ಇವತ್ತಿಗೂ ಕಂಡಿಲ್ಲ.

ಬಂಟ್ವಾಳದ ಅಡುಗೆಯಲ್ಲಿ ಬಣ್ಣವಿತ್ತು, ನನ್ನ ಕಿವಿಯ ಹಿಂದೆ ಮಾತ್ರ ಒಣಗಿಹೋಗಿತ್ತು. ಮೊದಲ ಸಲ ತವರಿಗೆ ಹೋದಾಗ ಅಜ್ಜಿಯ ಒಂದು ಸಸಿಯನ್ನು ಅವಳಿಗೂ ಹೇಳದೆ ಕಿತ್ತುಕೊಂಡು ಬಂದೆ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಸ್ವಂತ ಅಜ್ಜಿಯ ಮನೆಯಿಂದಲೂ ಕದಿಯುವುದಕ್ಕೆ ಅಷ್ಟು ನೆಪ ಸಾಕು. ಆದರೆ ಅತ್ತೆಯದೊಂದು ನಿಯಮವಿತ್ತು. ಕಕ್ಕಿಂಜೆ ಮೆಣಸಿನ ಹತ್ತಿರ ಬೇರೆ ಮೆಣಸು ನೆಡಬಾರದು. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ, ಅವರ ತಾಯಿ ಹೇಳಿದ್ದರು, ಅಷ್ಟೆ. ಸಂಜೆಯ ಮೇಲೆ ಕಸ ಹೊರಗೆ ಹಾಕಬಾರದು, ಮಂಗಳವಾರ ಉಗುರು ತೆಗೆಯಬಾರದು ಎಂಬ ಸಾಲಿನಲ್ಲಿ ನಾನು ಇದನ್ನೂ ಸೇರಿಸಿ ಮರೆತುಬಿಟ್ಟೆ. ಕಣಿಯ ಬಾಯಿಯಿಂದ ನಾಲ್ಕು ಹೆಜ್ಜೆಯಲ್ಲಿ ಬಸಳೆ ಚಪ್ಪರ ಇತ್ತು. ಅದರ ಹಿಂದೆ, ಯಾರಿಗೂ ಕಾಣದ ಹಾಗೆ ಅಜ್ಜಿಯ ಸಸಿಯನ್ನು ನೆಟ್ಟೆ. ಅಲ್ಲಿ ನೀರಿನ ತೇವವೂ ಚೆನ್ನಾಗಿತ್ತು.

ಗಿಡ ಮೊಣಕಾಲೆತ್ತರಕ್ಕೆ ಬಂದು ಹೂ ಬಿಟ್ಟು ಕಾಯಿ ಹಿಡಿದಾಗ, ಬಸಳೆ ಕೊಯ್ಯಲು ಹೋದ ಅತ್ತೆ ಅದನ್ನು ಕಂಡರು.

"ಇದೆಂತ ಕುಸುಮಾ, ಇದು ಎಲ್ಲಿಂದ ಬಂತು?"

"ಹಕ್ಕಿ ಹಾಕಿದ್ದು ಇರಬೇಕು" ಎಂದೆ.

"ಹಕ್ಕಿಗೆ ಹಾಕ್ಲಿಕ್ಕೆ ಬೇರೆ ಜಾಗ ಇರ್ಲಿಲ್ವಾ? ಕಿತ್ತುಬಿಡು ಅದನ್ನು."

"ಆಯ್ತು ಮಾಮಿ" ಎಂದೆ. ಕೀಳಲಿಲ್ಲ. ಇವತ್ತು ಕೊನೆಯ ಸಲ ನಾಲ್ಕು ಕಾಯಿ ಕೊಯ್ದು ನಾಳೆ ಕೀಳುವ ಎಂದು ದಿನ ದೂಡಿ, ಬೇಸಗೆಯಲ್ಲಿ ಅದು ತಾನಾಗಿ ಒಣಗಿದ ಮೇಲೆ ಕಿತ್ತೆ. ಅಷ್ಟರಲ್ಲಿ ಜೇನುಗಳು ಎರಡೂ ಕಡೆ ಓಡಾಡಿ ತಮ್ಮ ಕೆಲಸ ಮುಗಿಸಿದ್ದವು. ನನಗೆ ಅದು ಹೇಗೆ ತಿಳಿಯಬೇಕು? ಆ ವರ್ಷದ ಕಕ್ಕಿಂಜೆ ಮೆಣಸು ಎಂದಿನ ಹಾಗೆಯೇ ಉದ್ದವಾಗಿತ್ತು, ಕೆಂಪಾಗಿತ್ತು, ಸೌಮ್ಯವಾಗಿತ್ತು. ಅದರ ಬೀಜ ಎಂದಿನ ಹಾಗೆ ಒಲೆಯ ಮೇಲೆ ತೂಗಿತು. ಮರುವರ್ಷ ಅತ್ತೆ ಬಿತ್ತಿದರು, ಸೇಸಕ್ಕನಿಗೂ ಅದೇ ಬೀಜವನ್ನು ಬಿತ್ತಿಕೊಟ್ಟರು. ಪಾತಿಯಲ್ಲಿ ಕೆಲವು ಸಸಿ ಎಲ್ಲಕ್ಕಿಂತ ಮೇಲೆದ್ದು ನಿಂತವು. "ನೋಡು, ಹೇಗೆ ಬಂದಿವೆ!" ಎಂದು ಖುಷಿಪಟ್ಟು, ಅವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಅತ್ತೆ ಕಣಿಯ ಬಾಯಿಗೆ ನೆಟ್ಟರು.

ಹಳೆಯ ಮೆಣಸು ಮುಗಿದು ಹೊಸ ಡಬ್ಬಿ ತೆರೆದದ್ದು ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ. ಹೊರಗೆ ಮಳೆ. ಆ ದಿನ ಸೌತೆಕಾಯಿ ಮತ್ತು ಹಲಸಿನ ಬೀಜದ ಕೊದ್ದೆಲು, ಅಂದರೆ ಮಸಾಲೆ ಅರೆದು ಹಾಕಿದ ಹುಳಿ. ಅತ್ತೆ ಮುಷ್ಟಿ ತುಂಬ ಮೆಣಸು ತೆಗೆದು, ಬಣ್ಣ ಬರಲಿ ಎಂದು ಇನ್ನೂ ಅರ್ಧ ಮುಷ್ಟಿ ಸೇರಿಸಿ, ಕಡೆಯುವ ಕಲ್ಲಿಗೆ ಹಾಕಿದರು. ಅರೆಯುವಾಗಲೇ ಅವರ ಕೈ ಉರಿಯತೊಡಗಿತು. ವಯಸ್ಸಾಯಿತು, ಚರ್ಮ ತೆಳುವಾಗಿದೆ ಎಂದುಕೊಂಡರು. ಊಟಕ್ಕೆ ಕೂತೆವು. ನಮ್ಮವರು ಮೊದಲ ತುತ್ತು ನುಂಗಿದರು. ಕಣ್ಣು ತುಂಬಿತು, ಮೂಗು ಸೋರಿತು. ತಾಯಿ ಬಡಿಸಿದ ಅಡುಗೆಗೆ ಹೆಸರಿಡುವ ಅಭ್ಯಾಸ ಅವರಿಗಿಲ್ಲ. "ಒಳ್ಳೆ ಆಗಿದೆ ಅಮ್ಮ" ಎಂದು ಕಣ್ಣೀರು ಒರೆಸಿಕೊಳ್ಳುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ಮೇಲೆ ಒಂದು ಚೆಂಬು ಮಜ್ಜಿಗೆಯನ್ನು ಎತ್ತಿದವರು ಇಳಿಸಲಿಲ್ಲ.

ನಾನೂ ಒಂದು ತುತ್ತು ಬಾಯಿಗಿಟ್ಟೆ. ಏನೂ ಇಲ್ಲ ಅನಿಸಿತು. ನುಂಗಿದೆ. ಎರಡೂ ಕಿವಿಯ ಹಿಂದೆ ಬೆವರೊಡೆಯಿತು.

ಬಟ್ಟಲಿನ ಮುಂದೆ ಕೂತಿದ್ದವಳಿಗೆ ಬಚ್ಚಲಿನ ಹಿಂದಿನ ಗಿಡಗಳೂ ಅಜ್ಜಿಯ ಬೊಚ್ಚುಬಾಯಿಯ ನಗುವೂ ಕಣ್ಣೆದುರು ಬಂದವು. ಅಜ್ಜಿಯನ್ನು ಅಷ್ಟು ಅನಿರೀಕ್ಷಿತವಾಗಿ, ಅಷ್ಟು ಬೇಡವಾದ ಹೊತ್ತಿನಲ್ಲಿ ನಾನು ಎಂದೂ ಭೇಟಿಯಾದದ್ದಿಲ್ಲ. ಹೇಗಾಯಿತೆಂದು ತಿಳಿಯಲಿಲ್ಲ, ಯಾರಿಂದ ಆಯಿತೆಂದು ಮಾತ್ರ ಆ ಕ್ಷಣವೇ ತಿಳಿಯಿತು.

ಅತ್ತೆ ಊಟ ಮಾಡಲಿಲ್ಲ. ಉರಿಯುವ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಒಲೆಯ ಮುಂದೆ ಕೂತರು. ಎರಡು ದಿನ ಬಿಟ್ಟು ಸೇಸಕ್ಕ ಬಂದವಳು ಯಾವ ಕಲ್ಮಶವೂ ಇಲ್ಲದೆ, "ದೊಡ್ಡಕ್ಕ, ಈ ಸಲದ ಮೆಣಸು ಎಂತ ಹೀಗೆ, ಮಕ್ಕಳು ಊಟಕ್ಕೇ ಬರುವುದಿಲ್ಲ" ಎಂದು ನಕ್ಕಳು. ಅವಳು ಹೋದ ಮೇಲೆ ಅತ್ತೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. "ಆಗ ಗೊಣಗಿದವರು ಹೇಳಿದ್ದು ಸರಿಯೇ ಇತ್ತು ಕುಸುಮಾ. ನನ್ನ ಕೈ ಹೋಗಿದೆ. ನನಗೆ ಗೊತ್ತಾಗ್ಲಿಲ್ಲ, ಊರಿಗೆಲ್ಲ ಬಿತ್ತಿಕೊಟ್ಟೆ."

ಆಗಲೇ ಹೇಳಬೇಕಿತ್ತು. ಅಲ್ಲ ಮಾಮಿ, ಅದು ಹಕ್ಕಿಯಲ್ಲ, ನಾನು ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. "ಮಜ್ಜಿಗೆ ಕೊಡ್ಲಾ ಮಾಮಿ?" ಎಂದು ಕೇಳಿದೆ. ಹೇಡಿಗಳಿಗೆ ಆ ಹೊತ್ತಿನಲ್ಲಿ ಇಂಥ ಮಾತೇ ಬರುವುದು.

ಅತ್ತೆ ಎದ್ದು, ತೂಗಿಸಿದ್ದ ಬೀಜದ ಗಂಟನ್ನು ಬಿಚ್ಚಿ ಒಲೆಗೆ ಹಾಕಲು ಹೋದರು. ನಾನು ಕೈ ಹಿಡಿದೆ. "ನನಗೆ ಕೊಡಿ, ನಾನು ಬಿತ್ತಿ ನೋಡ್ತೇನೆ."

"ನನ್ನ ಕೈ ತಾಗಿದ್ದು ಅದು."

"ಇರ್ಲಿ, ಕೊಡಿ."

ಕೊಟ್ಟರು. ಆ ದೀಪಾವಳಿಗೆ ಸೇಸಕ್ಕ ಬೇಲಿಯಾಚೆ ನಿಂತು ಕರೆದಾಗ ಅತ್ತೆ ತಲೆನೋವೆಂದು ಮಲಗಿದರು. ನಮ್ಮ ಪಾತಿಗೆ ನೀರು ಹಾಕಲೂ ಬರಲಿಲ್ಲ. ಅಡುಗೆಗೆ ಪೇಟೆಯಿಂದ ಘಟ್ಟದ ಮೆಣಸು ಬಂತು.

ಹಳೆಯ ಬೀಜ ಎಲ್ಲಾದರೂ ಸಿಕ್ಕರೆ ಎಲ್ಲ ಸರಿಹೋಗುತ್ತದೆಂದು ನನಗೆ ಮೊದಲು ಹೊಳೆದಿತ್ತು. ಹೊಳೆದ ಕೂಡಲೇ, ಅತ್ತೆಯ ತಮ್ಮನನ್ನು ನೋಡಿಬರುವ ನೆಪದಲ್ಲಿ ನಾನೂ ನಮ್ಮವರೂ ಕಕ್ಕಿಂಜೆಗೆ ಹೊರಟೆವು. ಬೆಳ್ತಂಗಡಿಯಲ್ಲಿ ಬಸ್ಸು ಬದಲಾಯಿಸಿ, ಚಾರ್ಮಾಡಿಯ ಕಡೆ ಹೋಗುವ ಬಸ್ಸಿಗೆ ಕಾದು ಕಾದು, ಅಲ್ಲಿನ ಹೋಟೆಲಿನಲ್ಲಿ ನಮ್ಮವರು ಮೂರು ಸಲ ಚಾ ಕುಡಿದರು. ಮೂರನೆಯ ಚಾಕ್ಕೆ ಅವರು, "ಮೆಣಸಿನ ಬೀಜಕ್ಕೆ ಇಷ್ಟು ದೂರ ಹೋಗುವವರನ್ನು ನಾನು ನೋಡಿಲ್ಲ" ಎಂದರು. ನಾನು ಆಚೆ ನೋಡಿದೆ. ಕಕ್ಕಿಂಜೆಯಲ್ಲಿ ಒಳ್ಳೆಯ ಊಟ ಹಾಕಿದರು. ಮೆಣಸು ಕೇಳಿದರೆ, ಘಟ್ಟದಿಂದ ಇಳಿಯುವ ಲಾರಿಗಳಲ್ಲಿ ಬೇಕಾದಷ್ಟು ಮೆಣಸು ಬರುವಾಗ ಬೆಳೆಯುವ ಕಷ್ಟ ಯಾರಿಗೆ ಬೇಕೆಂದು ಬಿಟ್ಟು ಎಷ್ಟೋ ವರ್ಷವಾಯಿತು ಎಂದರು. ಅಂದರೆ ಅತ್ತೆಯ ತವರಿನ ಮೆಣಸು ಪ್ರಪಂಚದಲ್ಲಿ ಉಳಿದಿದ್ದರೆ ಅದು ಒಲೆಗೆ ಬೀಳುವುದರಿಂದ ತಪ್ಪಿಸಿಕೊಂಡ ಆ ಒಂದು ಗಂಟಿನಲ್ಲಿ ಮಾತ್ರ.

ಆ ದಿನಗಳಲ್ಲಿ ಗ್ರಾಮಸೇವಕರೊಬ್ಬರು ಸೈಕಲಿನಲ್ಲಿ ಮನೆಮನೆಗೆ ಬಂದು ಜಪಾನ್ ಮಾದರಿಯಲ್ಲಿ ಭತ್ತ ಬೆಳೆಯಲು ಎಲ್ಲರನ್ನೂ ಒತ್ತಾಯಿಸುತ್ತಿದ್ದರು. ಅವರನ್ನು ಕಂಡರೆ ಗಂಡಸರು ಹಿತ್ತಲಿಗೆ ಹೋಗುತ್ತಿದ್ದರು. ನಾನೊಬ್ಬಳೇ ಬೆಲ್ಲ ನೀರು ಕೊಟ್ಟು ಕೂರಿಸಿದ್ದರಿಂದ ಅವರಿಗೆ ಆಶ್ಚರ್ಯವೇ ಆಯಿತು.

"ನನ್ನ ಒಬ್ಬಳು ಗೆಳತಿ ಇದ್ದಾಳೆ" ಎಂದು ಶುರುಮಾಡಿದೆ. ಗೆಳತಿಯ ಅತ್ತೆ, ಗೆಳತಿಯ ಮೆಣಸು, ಗೆಳತಿಯ ಬಸಳೆ ಚಪ್ಪರ, ಎಲ್ಲ ಹೇಳಿದೆ. ಅವರು ನೀರು ಕುಡಿಯುತ್ತಾ ನಮ್ಮ ಬಸಳೆ ಚಪ್ಪರವನ್ನೇ ನೋಡುತ್ತಿದ್ದರು.

"ಬೆರಕೆ ಆಗಿದೆ ಅಕ್ಕಾ" ಎಂದರು. "ಜೇನು ಆ ಹೂವಿನ ಹುಡಿ ಈ ಹೂವಿಗೆ ತಂದು ಹಾಕ್ತದೆ. ಆ ವರ್ಷದ ಕಾಯಲ್ಲಿ ಎಂತದೂ ಗೊತ್ತಾಗುವುದಿಲ್ಲ. ಒಳಗಿನ ಬೀಜ ಬೆರಕೆ. ಅದನ್ನು ಬಿತ್ತಿದ ಮೇಲೆ ಖಾರ ಹೊರಗೆ ಬರ್ತದೆ. ಬೆರಕೆ ಸಸಿಗೆ ಬಲ ಜಾಸ್ತಿ. ನಿಮ್ಮ ಅತ್ತೆ, ಅಲ್ಲ, ನಿಮ್ಮ ಗೆಳತಿಯ ಅತ್ತೆ, ಬಲದ್ದನ್ನೇ ಆರಿಸಿ ಅದರದ್ದೇ ಬೀಜ ಇಟ್ಟಿದ್ದಾರೆ."

"ಹಾಗಾದರೆ ಅವರದ್ದು ಎಂತ ತಪ್ಪೂ ಇಲ್ಲ?"

"ಅವರದ್ದು ಎಂತ ತಪ್ಪು? ಕ್ರಮದಲ್ಲೇ ಮಾಡಿದ್ದಾರೆ."

ಇನ್ನು ಹಳೆಯದು ಬರುವುದೇ ಇಲ್ಲವೇ ಎಂದು ಕೇಳಿದೆ. ಬರುತ್ತದೆ ಎಂದರು. ಈ ಗಂಟಿನ ಬೀಜ ಬಿತ್ತಿದರೆ ಒಂದು ಗಿಡದ ಹಾಗೆ ಇನ್ನೊಂದು ಇರುವುದಿಲ್ಲ. ಅವುಗಳಲ್ಲಿ ಹಳೆಯದಕ್ಕೆ ಹೋಲುವುದನ್ನು ಹುಡುಕಬೇಕು. ಮೊಗ್ಗು ಬಿರಿಯುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಬೇಕು, ಜೇನು ಒಳಗೆ ಹೋಗಬಾರದು. ಗಿಡಗಿಡದ ಬೀಜ ಬೇರೆ ಬೇರೆ ಇಡಬೇಕು. ಮರುವರ್ಷವೂ ಹೀಗೆಯೇ, ಅದರ ಮರುವರ್ಷವೂ ಹೀಗೆಯೇ, ಮಕ್ಕಳೆಲ್ಲ ತಾಯಿಯ ಹಾಗೆ ಆಗುವವರೆಗೆ. ಸೈಕಲ್ ಹತ್ತುವಾಗ, "ಹೆದರಬೇಡ ಅಂತ ಹೇಳಿ ನಿಮ್ಮ ಗೆಳತಿಗೆ" ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ಆ ವರ್ಷ ನೆಟ್ಟದ್ದು ಮೂವತ್ತೆಂಟು ಗಿಡ, ಎಲ್ಲ ಒಂದೇ ತಾಯಿಯ ಮಕ್ಕಳು, ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯಿಲ್ಲ. ಒಂದರಲ್ಲಿ ಉದ್ದ ಕಾಯಿ, ಒಂದರಲ್ಲಿ ಗಿಡ್ಡ. ಒಂದು ತಲೆ ತಗ್ಗಿಸಿದರೆ ಪಕ್ಕದ್ದು ನಮ್ಮ ಅಜ್ಜಿಯ ಹಾಗೆ ತಲೆಯೆತ್ತಿ ನಿಂತಿತ್ತು. ನೋಡಲು ಸಾಧುವಾದದ್ದು ಬಾಯಲ್ಲಿ ಬೆಂಕಿ, ಕಿಡಿಗೇಡಿಯಂತೆ ಕಂಡದ್ದು ಬರೀ ನೀರು. ಹಾಗಾಗಿ ಕಣ್ಣನ್ನು ನಂಬುವಂತಿಲ್ಲ, ಪ್ರತಿಯೊಂದನ್ನೂ ತಿಂದೇ ನೋಡಬೇಕು. ಮೊದಲ ದಿನ ಬುದ್ಧಿವಂತಿಕೆ ಮಾಡಿ ತುದಿಯನ್ನಷ್ಟೇ ಕಚ್ಚಿ ನೋಡಿದೆ. ಮೂವತ್ತೆಂಟರಲ್ಲಿ ಮುಕ್ಕಾಲು ಪಾಲು ಸೌಮ್ಯ! ಅಷ್ಟು ಬೇಗ ಗೆದ್ದೆನಲ್ಲ ಎಂದು ಹಿಗ್ಗಿ, ಒಂದನ್ನು ಪೂರ್ತಿ ಬಾಯಿಗೆ ಹಾಕಿಕೊಂಡೆ. ಅವತ್ತು ನಾನು ಬಾವಿಕಟ್ಟೆಯ ಸುತ್ತ ಹಾಕಿದ ಪ್ರದಕ್ಷಿಣೆಯ ಪುಣ್ಯ ಯಾವ ಬಸದಿ, ಯಾವ ದೇವಸ್ಥಾನದಲ್ಲೂ ನನಗೆ ಸಿಕ್ಕಿಲ್ಲ. ಖಾರ ಇರುವುದು ತೊಟ್ಟಿನ ಬುಡದಲ್ಲಿ, ಬೀಜ ಅಂಟಿಕೊಂಡ ಬಿಳಿ ತಿರುಳಿನ ಹತ್ತಿರ ಎಂದು ಕಲಿತದ್ದು ಹಾಗೆ. ಮರುದಿನದಿಂದ ಬುಡ ಗೀರಿ ನೋಡತೊಡಗಿದೆ. ಎರಡು ವಾರ ನನ್ನ ತುಟಿ ಬಾತುಕೊಂಡಿತ್ತು. ನಮ್ಮವರು ಕೇಳಿದರೆ ಬಾಯಿಹುಣ್ಣು ಎಂದೆ. ಅವರು ಪೇಟೆಯಿಂದ ಜೇನುತುಪ್ಪ ತಂದುಕೊಟ್ಟರು. ಒಂದು ಸುಳ್ಳು ಮರಿ ಹಾಕುತ್ತಾ ಹೋಗುವ ವೇಗದ ಮುಂದೆ ಮೆಣಸಿನ ಬೆರಕೆ ಏನೂ ಅಲ್ಲ.

ಮೂವತ್ತೆಂಟರಲ್ಲಿ ಮೂರು ಗಿಡ ಆರಿಸಿದೆ. ಅಂಗಡಿಯಲ್ಲಿ ಕತ್ತರಿಸಿ ಉಳಿದ ತೆಳ್ಳನೆಯ ಮಲ್ಲು ಬಟ್ಟೆಯ ಚೂರುಗಳನ್ನು ನಮ್ಮವರಿಂದ ತರಿಸಿಕೊಂಡು ಬೆರಳುದ್ದದ ಚೀಲ ಹೊಲಿದು ಅವುಗಳಲ್ಲಿ ಮತ್ತೆ ಬಂದ ಮೊಗ್ಗುಗಳಿಗೆ ಕಟ್ಟಿದೆ. ಗಾಳಿಯೂ ಜೇನೂ ಇಲ್ಲದ ಹೂವಿಗೆ ಬೆಳಿಗ್ಗೆ ಎದ್ದು ನಾನೇ ಬೆರಳಿನಿಂದ ಮೆಲ್ಲನೆ ತಟ್ಟುತ್ತಿದ್ದೆ. ಬಿಳಿ ಚೀಲಗಳನ್ನು ಕಂಡು ಸೇಸಕ್ಕ ಬೇಲಿಯಾಚೆಯಿಂದ, "ಇದೆಂತ, ಹರಕೆಯಾ?" ಎಂದಳು. ವಿವರಿಸಹೊರಟರೆ ಕಥೆಯೆಲ್ಲ ಹೊರಬರುತ್ತದೆ. "ಹೌದು ಸೇಸಕ್ಕ, ಹರಕೆ" ಎಂದೆ. ಬಡಪಾಯಿ, ಅವಳು ತನ್ನ ಸೌತೆ ಬಳ್ಳಿಯ ಹೂಗಳಿಗೆಲ್ಲ ಚೀಲ ಕಟ್ಟಿಬಿಟ್ಟಳು. ಮೆಣಸು ತನ್ನ ಹೂವಿನ ಹುಡಿಯಿಂದಲೇ ಕಾಯಿ ಕಟ್ಟುತ್ತದೆ, ಸೌತೆಗೆ ಜೇನು ಬರಲೇಬೇಕು. ಅವಳಿಗೆ ಒಂದು ಮಿಡಿಯೂ ಸಿಕ್ಕಲಿಲ್ಲ. "ನನ್ನ ಹರಕೆ ಸಲ್ಲಲಿಲ್ಲ" ಎಂದು ಅವಳು ಹೇಳಿದ ದಿನ ನಮ್ಮ ಬಳ್ಳಿಯ ಸೌತೆಯಲ್ಲಿ ಅರ್ಧ ಅವಳ ಮನೆಗೆ ಹೋಯಿತು.

ಮರುವರ್ಷ ಮೂರು ಗಿಡದ ಬೀಜ ಮೂರು ಸಾಲಾಯಿತು. ಒಂದು ಸಾಲಿನಲ್ಲಿ ಅಜ್ಜಿ ಅಲ್ಲಲ್ಲಿ ತಲೆಯೆತ್ತಿದಳು, ಕಿತ್ತೆಸೆದೆ. ಇನ್ನೊಂದು ಸೌಮ್ಯವೇ ಆಗಿತ್ತು, ಒಣಗಿದಾಗ ಬಣ್ಣ ಇಟ್ಟಿಗೆಯಂತೆ ಸಪ್ಪೆ. ಮೂರನೆಯ ಸಾಲು ಮಾತ್ರ ಹೆಚ್ಚುಕಡಿಮೆ ತಾಯಿಯ ಹಾಗೆ. ಅದರಲ್ಲಿ ಉತ್ತಮವಾದ ಗಿಡಕ್ಕೆ ಮತ್ತೆ ಚೀಲ. ಅದರ ಮರುವರ್ಷ, ನಂಬುತ್ತೀರೋ ಇಲ್ಲವೋ, ಒಂದು ಸಾಲಿಗೆ ಸಾಲೇ ಗೇಣುದ್ದದ ಸುಕ್ಕು ಮೆಣಸು, ಎಲ್ಲವೂ ತಲೆ ತಗ್ಗಿಸಿ ತೂಗುತ್ತಿದ್ದವು. ಒಂದೊಂದು ಗಿಡದ ಬುಡದಲ್ಲೂ ಕೂತು ಗೀರಿ ನೋಡಿದೆ. ಯಾವುದಕ್ಕೂ ಕಿವಿಯ ಹಿಂದೆ ಬೆವರಲಿಲ್ಲ. ಕೊನೆಯ ಗಿಡದ ಹತ್ತಿರ ಕೂತು ಅತ್ತುಬಿಟ್ಟೆ. ಆ ಒಂದು ದಿನದ ಕಣ್ಣೀರಿಗೆ ಖಾರ ಕಾರಣವಲ್ಲ.

ಈ ಮೂರು ವರ್ಷವೂ ಅತ್ತೆ ಮೆಣಸಿನ ಸಾಲಿನ ಕಡೆ ಕಾಲಿಟ್ಟಿರಲಿಲ್ಲ. ಒಣಮೆಣಸನ್ನು ತಟ್ಟೆಯಲ್ಲಿಟ್ಟು ಕಡೆಯುವ ಕಲ್ಲಿನ ಮುಂದೆ ಕರೆದುಕೊಂಡು ಬಂದೆ. ಅರೆದರು. ಕೈ ಉರಿಯಲಿಲ್ಲ. ಕಲ್ಲಿನ ಮೇಲೆ ಆ ಕೆಂಪು ಬಂತು. ಬೆರಳಲ್ಲಿ ತೆಗೆದು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು.

"ನನ್ನ ಅಪ್ಪನ ಮನೆಯದ್ದೇ" ಎಂದರು. ಅವರ ಮುಖ ನೋಡಿ, ಇಷ್ಟಕ್ಕಾಗಿಯೇ ಅಲ್ಲವೇ ಎಂದು ನಾನು ಉಬ್ಬಿದೆ. ಅವರು ಕಣ್ಣು ತೆರೆದು ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ಕೈಗುಣ ನಿನ್ನದು ಮಗಾ. ನನ್ನ ಕೈಯಲ್ಲಿ ಕೆಟ್ಟದ್ದನ್ನು ನೀನು ಬಿತ್ತಿ ಸರಿ ಮಾಡಿದೆ. ಇನ್ನು ನನಗೆ ಸಂಶಯ ಇಲ್ಲ. ಮುಂದೆ ಸೇಸಕ್ಕನಿಗೂ ನೀನೇ ಬಿತ್ತಿಕೊಡು."

ಮೂರು ವರ್ಷ ತುಟಿ ಸುಟ್ಟುಕೊಂಡು ನಾನು ಸಾಧಿಸಿದ್ದು ಇದು! ಅವರ ಕೈ ಕೆಟ್ಟದೆಂಬುದು ಅಲ್ಲಿಯವರೆಗೆ ಅವರಿಗೊಂದು ಭಯವಾಗಿತ್ತು. ಈಗ ನಾನೇ ಅದಕ್ಕೆ ಸಾಕ್ಷಿ ಒದಗಿಸಿದ್ದೆ.

ಆ ಮಳೆಗಾಲ ಪೂರ್ತಿ ನನಗೆ ಅನ್ನ ರುಚಿಸಲಿಲ್ಲ. ದೀಪಾವಳಿ ಕಳೆಯಿತು. ಬೇಲಿಯಾಚೆಯಿಂದ ಸೇಸಕ್ಕ ಎಂದಿನಂತೆ, "ದೊಡ್ಡಕ್ಕಾ!" ಎಂದಳು. ಅತ್ತೆ ಗಂಟು ಬಿಚ್ಚದೆ, ಹಾಗೆಯೇ ತೆಗೆದು ನನ್ನ ಕೈಗೆ ಕೊಟ್ಟು, "ಹೋಗು" ಎಂದು ಒಳಗೆ ತಿರುಗಿದರು. ನಾನು ಮೆಟ್ಟಿಲು ಇಳಿದೆ. ಎರಡನೆಯ ಮೆಟ್ಟಿಲಿನಿಂದ ಕಾಲು ಮುಂದೆ ಬರಲಿಲ್ಲ.

"ಮಾಮಿ, ಆ ಗಿಡ ಹಕ್ಕಿ ಹಾಕಿದ್ದಲ್ಲ."

"ಯಾವ ಗಿಡ?"

ಹೇಳಿದೆ. ಅಜ್ಜಿಯ ಬಚ್ಚಲು, ಕದ್ದ ಸಸಿ, ಬಸಳೆ ಚಪ್ಪರ, ಕೀಳುತ್ತೇನೆಂದು ಹೇಳಿ ಕೀಳದೆ ಬಿಟ್ಟದ್ದು, ಜೇನು, ಗೆಳತಿ, ಹರಕೆ, ಬಾಯಿಹುಣ್ಣು. ಒಂದೇ ಉಸಿರಿನಲ್ಲಿ, ಹಿಂದುಮುಂದಾಗಿ, ಎಲ್ಲ ಹೇಳಿದೆ. ಮುಗಿಯುವಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಬಲಗೈಯನ್ನು ಮುಂದೆ ಹಿಡಿದು ಅಂಗೈ ನೋಡಿದರು, ಮಗುಚಿ ಹಿಂಗೈ ನೋಡಿದರು.

"ಹಾಗಾದರೆ ನನ್ನ ಕೈಗೆ ಎಂತ ಆದದ್ದಿಲ್ಲ?"

"ಇಲ್ಲ ಮಾಮಿ. ಎಂತದೂ ಆಗ್ಲಿಲ್ಲ. ಯಾವಾಗ್ಲೂ ಆಗ್ಲಿಲ್ಲ."

ಅವರು ಬಿಟ್ಟ ಉಸಿರು ಎಷ್ಟು ಉದ್ದವಿತ್ತೆಂದರೆ, ಮೂರು ವರ್ಷದಿಂದ ಒಳಗೇ ಹಿಡಿದಿಟ್ಟಿದ್ದರೋ ಏನೋ. ಸೆರಗಿನಿಂದ ಕಣ್ಣೊರೆಸಿಕೊಂಡರು. ಕ್ಷಮಿಸಿದರು ಎಂದುಕೊಂಡೆ. ಆಮೇಲೆ ಶುರುವಾಯಿತು.

"ಮೂರು ವರ್ಷ! ಚೀಲ ಹೊಲಿದ್ಯಂತೆ, ಹೂ ತಟ್ಟಿದ್ಯಂತೆ! ಬಾಯಿ ಬಿಟ್ಟು ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ, ಅಲ್ಲಿಯೂ ಚೀಲ ಕಟ್ಟಿದ್ಯಾ? ಮೆಣಸು ಹೋದರೆ ಹೋಗ್ತಿತ್ತು, ಪೇಟೆಯಲ್ಲಿ ಉಂಟು. ನಾನು ಇಲ್ಲಿ ಪ್ರತಿದಿನ ಸಾಯ್ತಿದ್ದೆನಲ್ಲ, ನಿನಗೆ ಕಾಣ್ಲಿಲ್ವಾ?"

ಕಂಡಿತ್ತು. ನಾನು ಅಳುತ್ತಾ ನಿಂತೆ. ಅತ್ತೆ ಎದ್ದು, ಬಾವಿಕಟ್ಟೆಗೆ ಹೋಗಿ ಎರಡೂ ಕೈ ಮೊಣಕೈವರೆಗೆ ತೊಳೆದುಕೊಂಡು ಬಂದು, ನನ್ನ ಮುಷ್ಟಿ ಬಿಡಿಸಿ ಗಂಟು ಕಿತ್ತುಕೊಂಡರು. "ಚೆಂಬಲ್ಲಿ ನೀರು ಹಿಡ್ಕೊಂಡು ಬಾ" ಎಂದು ಬೇಲಿಯ ಕಡೆ ನಡೆದರು. ನಾನು ಹಿಂದೆ ಓಡಿದೆ. ಸೇಸಕ್ಕನ ಮನೆಯವರೆಗೂ ಬೈಗುಳ ನಿಲ್ಲಲಿಲ್ಲ. ಆ ಬೈಗುಳ ಕೇಳುತ್ತಾ ಕೇಳುತ್ತಾ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನಗೆ ಆ ದಾರಿ ನಮ್ಮದೇ ಊರಿನ ದಾರಿ ಅನಿಸಿತು.

ಸೇಸಕ್ಕ ಪಾತಿ ಹದಮಾಡಿ ಕಾದಿದ್ದಳು. ಅತ್ತೆಯನ್ನು ಕಂಡು ಅವಳ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಓಡಿಹೋಗಿ ಕೂರಲು ಮಣೆ ತಂದಳು. ಅತ್ತೆ ಕೂತು, ಬೀಜ ಬಿಡಿಸಿ, ಮುಷ್ಟಿಯಲ್ಲಿ ಹಿಡಿದು, ಬಿತ್ತಲು ಎತ್ತಿದ ಕೈಯನ್ನು ಅಲ್ಲಿಯೇ ನಿಲ್ಲಿಸಿದರು.

"ಸೇಸಕ್ಕ, ನಿಮ್ಮಲ್ಲಿ ಇಲ್ಲಿ ಹಕ್ಕಿಯ ಕಾಟ ಉಂಟಾ?"

"ಇಲ್ವಲ್ಲ ದೊಡ್ಡಕ್ಕ, ಯಾಕೆ?"

"ನಮ್ಮಲ್ಲಿ ಒಂದು ಉಂಟು" ಎಂದು ನನ್ನನ್ನು ನೋಡಿದರು. "ಮೂಡುಬಿದಿರೆಯದ್ದು. ಸ್ವಲ್ಪ ಆಚೆ ನಿಲ್ಲಿಸು ಅದನ್ನು." ಹಾಗೆಂದು ಬಿತ್ತಿದರು.